ಅಧ್ಯಯನಕ್ಕೂ ವೃತ್ತಿಗೂ ಬೇಕಾದ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವ ಬಗೆ

ಉನ್ನತ ಮಟ್ಟದ ಇಂಗ್ಲಿಷ್ ಪದಗಳನ್ನು ಕಲಿಯಬೇಕೆಂದು ಹೊರಟವರಲ್ಲಿ ಅನೇಕರು ಯಾರೂ ಬಳಸದ ಅಪರೂಪದ ಪದಗಳನ್ನು ಹುಡುಕಿ ಬಾಯಿಪಾಠ ಮಾಡಲು ತೊಡಗುತ್ತಾರೆ. ಆದರೆ ಸಂಶೋಧನಾ ಲೇಖನ, ಕಚೇರಿಯ ವರದಿ, ಯೋಜನಾ ಪ್ರಸ್ತಾವ ಇವುಗಳಲ್ಲಿ ಯಾವುದನ್ನು ತೆರೆದು ನೋಡಿದರೂ ಅಂಥ ಪದಗಳು ಕಾಣಸಿಗುವುದು ಕಡಿಮೆ. ಅಲ್ಲಿ ಪುಟಪುಟಕ್ಕೂ ಎದುರಾಗುವುದು ‘ಅಸ್ಯೂಮ್’, ‘ಇಂಡಿಕೇಟ್’, ‘ಸಿಗ್ನಿಫಿಕೆಂಟ್’, ‘ಅಪ್ರೋಚ್’ ಮುಂತಾದ, ಓದುವಾಗ ಪರಿಚಿತವೆನಿಸಿದರೂ ಬರೆಯಲು ಕುಳಿತಾಗ ನೆನಪಿಗೆ ಬಾರದ ಪದಗಳು. ಇವನ್ನು ಇವುಗಳ ಜೊತೆಗೆ ಬರುವ ಪದಗಳ ಸಮೇತ ಕಲಿತು, ಸರಿಯಾದ ಜಾಗದಲ್ಲಿ ತಪ್ಪಿಲ್ಲದೆ ಬಳಸಲು ಶಕ್ತರಾಗುವುದೇ ಕಲಿಯುವವರ ಮುಖ್ಯ ಗುರಿಯಾಗಿರಬೇಕು.

ಯಾವ ಪದಗಳಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ಭಾಷಾಶಿಕ್ಷಣದ ವಿದ್ವಾಂಸರು ಈಗಾಗಲೇ ಉತ್ತರ ಕೊಟ್ಟಿದ್ದಾರೆ. ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2,000 ಸಾಮಾನ್ಯ ಪದಗಳ ಪಟ್ಟಿಯನ್ನು ಪ್ರಕಟಿಸಿದರು. ಆ ಪಟ್ಟಿಯ ಆಚೆಗೆ ಶಾಸ್ತ್ರೀಯ ಬರಹಗಳಲ್ಲಿ ಹೆಚ್ಚಾಗಿ ಬರುವ ಪದಗಳು ಯಾವುವೆಂದು ತಿಳಿಯಲು ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು ಮತ್ತು ವಿಜ್ಞಾನ ವಿಭಾಗಗಳ ಸುಮಾರು 35 ಲಕ್ಷ ಪದಗಳ ಪಠ್ಯವನ್ನು ಪರಿಶೀಲಿಸಿ, 2000ನೇ ಇಸವಿಯಲ್ಲಿ 570 ಪದಕುಟುಂಬಗಳ (ಅಂದರೆ ಒಂದೇ ಮೂಲಪದದಿಂದ ಹುಟ್ಟಿದ ರೂಪಗಳ ಗುಂಪುಗಳ) ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಅನ್ನು ಹೊರತಂದರು. ಅವರು ಪರಿಶೀಲಿಸಿದ ಪಠ್ಯದಲ್ಲಿ ಸುಮಾರು ಹತ್ತನೇ ಒಂದು ಭಾಗ ಈ ಪದಗಳೇ ಇದ್ದವು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಈ ಪಟ್ಟಿಯನ್ನು, ಹೆಚ್ಚು ಬಳಕೆಯ ಪದಗಳು ಮೊದಲು ಬರುವಂತೆ ಹತ್ತು ಉಪಪಟ್ಟಿಗಳಾಗಿ ವಿಂಗಡಿಸಲಾಗಿದೆ. ಇದನ್ನು ಮೇಲಿನಿಂದ ಕೆಳಕ್ಕೆ ಕಂಠಪಾಠ ಮಾಡುವ ಅಗತ್ಯವಿಲ್ಲ. ಒಂದೊಂದು ಪದವನ್ನೂ ನೋಡಿ, ಅದನ್ನು ಬಳಸಿ ನಿಮ್ಮ ವಿಷಯದ ಬಗ್ಗೆ ಒಂದು ವಾಕ್ಯ ಬರೆಯಲು ಸಾಧ್ಯವೇ ಎಂದು ಪರೀಕ್ಷಿಸಿಕೊಂಡು, ಸಾಧ್ಯವಾಗದ ಪದಗಳಿಗೆ ಮಾತ್ರ ಗುರುತು ಹಾಕಿ. ಅರ್ಥ ಗೊತ್ತಿದ್ದರೂ ವಾಕ್ಯ ಮೂಡದಿದ್ದರೆ ಆ ಪದವನ್ನು ಇನ್ನೂ ಕಲಿಯಬೇಕಾಗಿದೆ ಎಂದೇ ತಿಳಿಯಬೇಕು.

ಇದರೊಂದಿಗೆ ನಿಮ್ಮ ಕ್ಷೇತ್ರದ ಪದಗಳೂ ಬೇಕು. ಅವುಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಕಠಿಣವಾಗಿ ಕಾಣುವ ಪದಗಳಿಗಿಂತ ಸಾದಾ ಪದದ ರೂಪದಲ್ಲೇ ಬಂದು ವಿಶೇಷ ಅರ್ಥ ಹೊತ್ತಿರುವ ಪದಗಳು. ಒಪ್ಪಂದಗಳ ಕಾನೂನಿನಲ್ಲಿ ‘ಕನ್ಸಿಡರೇಷನ್’ ಎಂದರೆ ಆಲೋಚನೆಯಲ್ಲ, ಒಂದು ಪಕ್ಷದ ವಾಗ್ದಾನಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷ ಕೊಡುವ ಮೌಲ್ಯ. ಲೆಕ್ಕಪರಿಶೋಧನೆಯಲ್ಲಿ ‘ಮೆಟೀರಿಯಲ್’ ಎಂದರೆ ಓದುವವರ ನಿರ್ಧಾರವನ್ನು ಬದಲಿಸುವಷ್ಟು ಮಹತ್ವದ್ದು ಎಂದರ್ಥ. ಸಂಖ್ಯಾಶಾಸ್ತ್ರದ ‘ಸಿಗ್ನಿಫಿಕೆಂಟ್’ ಪದವು ವ್ಯತ್ಯಾಸ ದೊಡ್ಡದೆಂದು ಹೇಳುವುದಿಲ್ಲ. ಅಂಥ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಮೊದಲೇ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಎಂದಷ್ಟೇ ಹೇಳುತ್ತದೆ. ಆದ್ದರಿಂದ ನಿಮ್ಮ ವಿಷಯದ ಒಂದು ಒಳ್ಳೆಯ ಪಠ್ಯಪುಸ್ತಕದ ಕೊನೆಯಲ್ಲಿರುವ ಪದವಿವರಣೆಯನ್ನು ಸಾಮಾನ್ಯ ನಿಘಂಟಿಗಿಂತ ಮೊದಲು ನೋಡುವುದು ಒಳ್ಳೆಯದು.

ಓದಲು ಆರಿಸುವ ಬರಹವು ಅತಿ ಕಠಿಣವಾಗಿಯೂ ಇರಬಾರದು. ನೆರವಿಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಪಠ್ಯದ ನೂರರಲ್ಲಿ ಸುಮಾರು 98 ಪದಗಳಾದರೂ ಗೊತ್ತಿರಬೇಕೆಂದು ಪದಕಲಿಕೆಯ ಸಂಶೋಧಕ ಪಾಲ್ ನೇಷನ್ ಮತ್ತು ಅವರ ಸಹಸಂಶೋಧಕರು ತೋರಿಸಿದ್ದಾರೆ. ಪುಟವೊಂದರಲ್ಲಿ ಹತ್ತಿಪ್ಪತ್ತು ಪದಗಳು ತಿಳಿಯದೇ ಹೋದರೆ, ಅದೇ ವಿಷಯದ ಸರಳ ಬರಹವನ್ನು ಮೊದಲು ಓದಿ, ಆಮೇಲೆ ಇದಕ್ಕೆ ಮರಳಿ.

ಇನ್ನು ಕಲಿಕೆಯ ಮುಖ್ಯ ಭಾಗವಾದ ಪದಗಳ ಜೋಡಣೆಗೆ ಬರೋಣ. ಕನ್ನಡದಲ್ಲಿ ನಾವು ಗಮನ ಹರಿಸುತ್ತೇವೆ, ನಿರ್ಣಯ ಕೈಗೊಳ್ಳುತ್ತೇವೆ, ಪ್ರಸ್ತಾವ ಮಂಡಿಸುತ್ತೇವೆ. ಪ್ರಸ್ತಾವವನ್ನು ಹರಿಸುವುದಿಲ್ಲ, ಗಮನವನ್ನು ಮಂಡಿಸುವುದಿಲ್ಲ. ಯಾವ ವ್ಯಾಕರಣ ನಿಯಮವೂ ಇದನ್ನು ನಮಗೆ ಕಲಿಸಲಿಲ್ಲ; ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲಿ ‘ಕಲೊಕೇಷನ್’ ಎಂದು ಕರೆಯುವ ಈ ಜೋಡಣೆ ಎರಡನೆಯ ಭಾಷೆಯಾಗಿ ಅದನ್ನು ಕಲಿಯುವವರಿಗೆ ತಾನಾಗಿ ಬರುವುದು ನಿಧಾನ. ‘ರಿಸರ್ಚ್’ ಪದದ ಜೊತೆ ‘ಕಂಡಕ್ಟ್’ ಅಥವಾ ‘ಕ್ಯಾರಿ ಔಟ್’ ಬರುತ್ತದೆ, ‘ಮೇಕ್’ ಬರುವುದಿಲ್ಲ. ‘ಕನ್‌ಕ್ಲೂಷನ್’ ಪದಕ್ಕೆ ‘ಡ್ರಾ’ ಅಥವಾ ‘ರೀಚ್’, ‘ಚಾಲೆಂಜ್’ ಪದಕ್ಕೆ ‘ಪೋಸ್’, ‘ಪ್ರಾಬ್ಲಂ’ ಪದಕ್ಕೆ ‘ಅಡ್ರೆಸ್’ ಹೊಂದುತ್ತವೆ. ‘ಎವಿಡೆನ್ಸ್’ ಪದಕ್ಕೆ ಮೊದಲು ‘ಸ್ಟ್ರಾಂಗ್’ ಸಹಜ, ‘ಹೆವಿ’ ಅಸಹಜ. ಹೀಗಾಗಿ ಟಿಪ್ಪಣಿ ಪುಸ್ತಕದಲ್ಲಿ ಒಂಟಿ ಪದವನ್ನು ಬರೆದು ಎದುರಿಗೆ ಕನ್ನಡದ ಅರ್ಥ ಬರೆಯುವ ರೂಢಿಯನ್ನು ಬಿಟ್ಟು, ಪದವು ನಿಮಗೆ ಸಿಕ್ಕ ವಾಕ್ಯವನ್ನೇ ಪೂರ್ತಿಯಾಗಿ ಬರೆದುಕೊಂಡು, ಅದರಲ್ಲಿ ಪದದ ಹಿಂದೆ ಮುಂದೆ ಇರುವ ಕ್ರಿಯಾಪದ, ವಿಶೇಷಣ ಮತ್ತು ಪ್ರಿಪೊಸಿಷನ್‌ಗಳಿಗೆ ಗೆರೆ ಎಳೆಯಿರಿ. ಪ್ರಿಪೊಸಿಷನ್‌ಗಳನ್ನು ಸಣ್ಣ ವಿಷಯವೆಂದು ಬಿಡಬೇಡಿ. ‘ರಿಸಲ್ಟ್ ಇನ್’ ಪರಿಣಾಮದ ಕಡೆಗೂ ‘ರಿಸಲ್ಟ್ ಫ್ರಮ್’ ಕಾರಣದ ಕಡೆಗೂ ಬೆರಳು ಮಾಡುವುದರಿಂದ ಒಂದರ ಬದಲು ಇನ್ನೊಂದನ್ನು ಬರೆದರೆ ವಾಕ್ಯದ ಅರ್ಥವೇ ತಿರುಗಿಬಿಡುತ್ತದೆ. ‘ಡಿಸ್ಕಸ್’ ಕ್ರಿಯಾಪದದ ಮುಂದೆ ‘ಅಬೌಟ್’ ಬೇಡ. ‘ಎಂಫಸೈಜ್’ ಮುಂದೆ ‘ಆನ್’ ಬೇಡ.

ನಿಘಂಟನ್ನು ಆರಿಸುವಾಗಲೂ ಇದೇ ದೃಷ್ಟಿ ಇರಲಿ. ಭಾಷೆ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟುಗಳು ಅರ್ಥವನ್ನು ಸರಳ ಪದಗಳಲ್ಲಿ ಹೇಳಿ, ನಿಜವಾದ ಬಳಕೆಯ ಮಾದರಿ ವಾಕ್ಯಗಳನ್ನು ಕೊಡುತ್ತವೆ. 1987ರಲ್ಲಿ ಮೊದಲು ಬಂದ ಕಾಲಿನ್ಸ್ ಕೋಬಿಲ್ಡ್ ನಿಘಂಟು ಅರ್ಥವಿವರಣೆಯನ್ನೇ ಪೂರ್ಣ ವಾಕ್ಯದಲ್ಲಿ ಕೊಡುತ್ತದೆ. ನಾಮಪದವನ್ನು ಎಣಿಸಬಹುದೇ ಇಲ್ಲವೇ ಎಂಬ ಗುರುತೂ ಇವುಗಳಲ್ಲಿರುತ್ತದೆ. ‘ಎವಿಡೆನ್ಸ್’, ‘ಇನ್ಫರ್ಮೇಷನ್’, ‘ಇಕ್ವಿಪ್‌ಮೆಂಟ್’ ಇವಕ್ಕೆ ಬಹುವಚನದ ‘ಎಸ್’ ಹಚ್ಚುವುದು ಬಹಳ ಸಾಮಾನ್ಯವಾದ ತಪ್ಪು. ಆ ಚಿಕ್ಕ ಗುರುತನ್ನು ನೋಡುವ ಅಭ್ಯಾಸವಿದ್ದರೆ ಇದು ತಪ್ಪುತ್ತದೆ.

ಶಾಸ್ತ್ರೀಯ ಬರವಣಿಗೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಖಚಿತತೆಯ ಅಳತೆಯನ್ನು ಹೇಳುವ ಪದಗಳಿಗೆ. ನಿಮ್ಮ ಬಳಿ ಇರುವ ಆಧಾರ ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿಯಾದ ಕ್ರಿಯಾಪದವನ್ನು ಬಳಸುವುದು ಬರಹಗಾರನ ಪ್ರಾಮಾಣಿಕತೆಗೆ ಸೇರಿದ ವಿಷಯ. ‘ಪ್ರೂವ್’ ಎಂಬುದನ್ನು ಗಣಿತದ ಸಿದ್ಧಾಂತಗಳಂಥ ಕಡೆಗೆ ಮೀಸಲಿಡಿ. ‘ಡೆಮನ್‌ಸ್ಟ್ರೇಟ್’ ಮತ್ತು ‘ಶೋ’ ದೃಢವಾದ ಮಾತುಗಳು. ‘ಇಂಡಿಕೇಟ್’ ಅದಕ್ಕಿಂತ ಮೆದು. ‘ಸಜೆಸ್ಟ್’ ಇನ್ನೂ ಮೆದು. ‘ಮೇ’, ‘ಈಸ್ ಲೈಕ್ಲಿ ಟು’, ‘ಟೆಂಡ್ಸ್ ಟು’ ಇವೂ ಹೇಳಿಕೆಯ ಗಡಿಯನ್ನು ಸೂಚಿಸುತ್ತವೆ. ಬೇರೆಯವರ ಮಾತನ್ನು ವರದಿ ಮಾಡುವಾಗಲೂ ಇದೇ ಎಚ್ಚರ ಬೇಕು. ಒಬ್ಬ ಲೇಖಕರು ‘ಆರ್ಗ್ಯೂ’ ಮಾಡುತ್ತಾರೆ ಎಂದರೆ ಅವರು ಕಾರಣ ಕೊಟ್ಟು ವಾದಿಸುತ್ತಿದ್ದಾರೆ ಎಂದಾಯಿತು. ‘ಕ್ಲೇಮ್’ ಮಾಡುತ್ತಾರೆ ಎಂದರೆ ಆ ಮಾತನ್ನು ನೀವು ಪೂರ್ತಿ ಒಪ್ಪಿಲ್ಲವೆಂಬ ಧ್ವನಿ ಬರುತ್ತದೆ. ‘ಪಾಯಿಂಟ್ ಔಟ್’ ಮಾಡುತ್ತಾರೆ ಎಂದರೆ ಅದು ನಿಜವೆಂದು ನೀವೇ ಒಪ್ಪಿಕೊಂಡಂತಾಗುತ್ತದೆ. ಈ ಪದಗಳನ್ನು ಪರ್ಯಾಯಗಳೆಂದು ಭಾವಿಸಿ, ಒಂದೇ ಪದ ಮತ್ತೆ ಬರಬಾರದೆಂಬ ಕಾರಣಕ್ಕೆ ಅದಲುಬದಲು ಮಾಡುವವರು ತಮಗೆ ಅರಿವಿಲ್ಲದೆಯೇ ಇಲ್ಲದ ಅಭಿಪ್ರಾಯವನ್ನು ಹೇಳಿಬಿಡುತ್ತಾರೆ. ನಿಮ್ಮ ಕ್ಷೇತ್ರದ ಒಂದು ಲೇಖನದ ‘ಡಿಸ್ಕಷನ್’ ಭಾಗವನ್ನು ತೆಗೆದುಕೊಂಡು, ಪ್ರತಿ ಹೇಳಿಕೆಯ ಕ್ರಿಯಾಪದಕ್ಕೂ ಗುರುತು ಹಾಕಿ, ಅಲ್ಲಿ ಅದೇ ಏಕೆ ಬಂತೆಂದು ಆಧಾರದೊಡನೆ ಹೋಲಿಸಿ ನೋಡುವುದು ಬಹಳ ಫಲ ಕೊಡುವ ಅಭ್ಯಾಸ.

ಕಚೇರಿಯ ಬರವಣಿಗೆಯ ನಡೆ ಬೇರೆ. 1066ರ ನಾರ್ಮನ್ ವಿಜಯದ ನಂತರ ಇಂಗ್ಲಿಷಿಗೆ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ಹೇರಳವಾಗಿ ಬಂದುದರಿಂದ ಒಂದೇ ಅರ್ಥಕ್ಕೆ ‘ಬಿಗಿನ್’ ಮತ್ತು ‘ಕಮೆನ್ಸ್’, ‘ಹೆಲ್ಪ್’ ಮತ್ತು ‘ಅಸಿಸ್ಟ್’ ಎಂಬಂತೆ ಎರಡೆರಡು ಪದಗಳು ಉಳಿದಿವೆ. ಇಂಥ ಜೋಡಿಗಳಲ್ಲಿ ಎರಡನೆಯ ಪದವೇ ಸದಾ ಮೇಲೆಂದು ಭಾವಿಸಬಾರದು. ಅಮೆರಿಕದಲ್ಲಿ 2010ರ ‘ಪ್ಲೇನ್ ರೈಟಿಂಗ್ ಆ್ಯಕ್ಟ್’ ಎಂಬ ಕಾಯ್ದೆಯು ಕೇಂದ್ರ ಸರ್ಕಾರದ ಸಂಸ್ಥೆಗಳು ಜನರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆಯಬೇಕೆಂದು ವಿಧಿಸಿದೆ. ಮಿಂಚಂಚೆಯಲ್ಲಿ ‘ಯೂಸ್’ ಸಾಕಾಗುವ ಕಡೆ ‘ಯುಟಿಲೈಜ್’ ಬೇಡ.

ಕಲಿತದ್ದು ಉಳಿಯಬೇಕಾದರೆ ಅಂತರ ಬಿಟ್ಟು ನೆನಪಿಸಿಕೊಳ್ಳಬೇಕು. ಕಲಿತದ್ದು ಆರಂಭದಲ್ಲೇ ಬೇಗ ಮರೆಯುತ್ತದೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಪ್ರಯೋಗಗಳಿಂದ ತೋರಿಸಿದ್ದರು. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಸೂಚಿಸಿದ ಕಾರ್ಡ್ ಪೆಟ್ಟಿಗೆಯ ವಿಧಾನದಲ್ಲಿ, ಸರಿಯಾಗಿ ಉತ್ತರಿಸಿದ ಕಾರ್ಡು ಹೆಚ್ಚು ದಿನಗಳ ನಂತರ ತೆರೆಯುವ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ ಕಾರ್ಡು ಮೊದಲ ಖಾನೆಗೆ ಮರಳುತ್ತದೆ. ‘ಆಂಕಿ’ಯಂಥ ತಂತ್ರಾಂಶಗಳು ಈ ಲೆಕ್ಕವನ್ನು ತಾವೇ ಇಡುತ್ತವೆ. ಕಾರ್ಡಿನ ಮುಂಬದಿಯಲ್ಲಿ ಪದವನ್ನು ಬರೆಯದೆ, ಪದದ ಜಾಗ ಖಾಲಿ ಬಿಟ್ಟ ವಾಕ್ಯವನ್ನು ಬರೆಯಿರಿ. ಆಗ ಅರ್ಥವನ್ನು ಗುರುತಿಸುವುದಲ್ಲದೆ ಪದವನ್ನೇ ಹೊರತರುವ ಅಭ್ಯಾಸವಾಗುತ್ತದೆ. ಸಭೆಗಳಲ್ಲಿ ಮಾತನಾಡುವವರು ಕಾರ್ಡಿನ ಮೇಲೆ ಒತ್ತು ಬೀಳುವ ಅಕ್ಷರವನ್ನೂ ಗುರುತಿಸಿಕೊಳ್ಳಬೇಕು: ‘ಅನಲೈಜ್’ನಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ‘ಅನಾಲಿಸಿಸ್’ನಲ್ಲಿ ಎರಡನೆಯದಕ್ಕೂ ‘ಅನಲಿಟಿಕಲ್’ನಲ್ಲಿ ಮೂರನೆಯದಕ್ಕೂ ಸರಿಯುತ್ತದೆ.

ಕಾರ್ಡುಗಳಷ್ಟೇ ಸಾಲವು, ಬರೆಯಬೇಕು. ಒಳ್ಳೆಯ ಲೇಖನದ ಒಂದು ಪ್ಯಾರಾವನ್ನು ಎರಡು ಬಾರಿ ಓದಿ, ಮುಚ್ಚಿಟ್ಟು, ಅದರ ಸಾರವನ್ನು ನಿಮ್ಮ ವಾಕ್ಯಗಳಲ್ಲಿ ಬರೆದು, ಮತ್ತೆ ತೆರೆದು ಹೋಲಿಸಿ. ಮೂಲ ಲೇಖಕರು ಒಂದೇ ಪದದಲ್ಲಿ ಹೇಳಿದ್ದನ್ನು ನೀವು ಸುತ್ತಿ ಬಳಸಿ ಹೇಳಿದ ಕಡೆಯಲ್ಲೇ ನೀವು ಮುಂದೆ ಕಲಿಯಬೇಕಾದ ಪದವಿದೆ. ಯಾವುದಾದರೂ ಜೋಡಣೆಯ ಬಗ್ಗೆ ಸಂಶಯ ಹುಟ್ಟಿದರೆ, ನೂರು ಕೋಟಿಗೂ ಹೆಚ್ಚು ಪದಗಳಿರುವ ‘ಕೋಕಾ’ ಎಂಬ ಅಮೆರಿಕನ್ ಇಂಗ್ಲಿಷ್ ಪಠ್ಯಸಂಗ್ರಹದ ಅಕಾಡೆಮಿಕ್ ವಿಭಾಗದಲ್ಲಿ ಅದನ್ನು ಹುಡುಕಿ ನೋಡಿ. ಅಲ್ಲಿ ಅದು ಒಂದೆರಡು ಬಾರಿ ಮಾತ್ರ ಸಿಕ್ಕರೆ ಕೈಬಿಟ್ಟು, ಹೆಚ್ಚು ಸಲ ಬರುವ ಜೋಡಣೆಯಿಂದ ನಿಮ್ಮ ವಾಕ್ಯವನ್ನು ತಿದ್ದಿ, ತಿದ್ದಿದ ವಾಕ್ಯವನ್ನು ಅಂದಿನ ಕಾರ್ಡುಗಳಿಗೆ ಸೇರಿಸಿ.