ಯೂರಿನ್ ರಿಪೋರ್ಟ್ ಓದುವುದು ಹೇಗೆ? ಸಾಲುಸಾಲಿನ ಹಿಂದೆ ನಡೆದ ಕಥೆ

ಉರಿಮೂತ್ರ ಎಂದು ಪರೀಕ್ಷೆ ಮಾಡಿಸಿದಿರಿ, ರಿಪೋರ್ಟ್ ಕೈಗೆ ಬಂತು. ‘ಪಸ್ ಸೆಲ್ಸ್ 25–30’ ಎಂಬ ಸಾಲು ಕಂಡ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಪಸ್ ಅಂದರೆ ಕೀವು ಅಲ್ವಾ? ಒಳಗೆ ಹುಣ್ಣಾಗಿದೆಯಾ? ಗಾಬರಿ ಬೇಡ. ಅದು ಬ್ಯಾಕ್ಟೀರಿಯಾ ಹಿಡಿಯಲು ಬಂದ ನಿಮ್ಮದೇ ಬಿಳಿ ರಕ್ತಕಣಗಳ ಎಣಿಕೆ. ಈ ರಿಪೋರ್ಟಿನ ಹೆಚ್ಚಿನ ಸಾಲುಗಳು ಹೀಗೆಯೇ. ಮೂತ್ರಕೋಶ ತನ್ನನ್ನು ತಾನು ಕಾಯಲು ಏನೇನು ಮಾಡಿತು ಎಂಬುದರ ಗುರುತು ಅಲ್ಲಿ ಉಳಿದಿರುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಸ್ಯಾಂಪಲ್ ಸರಿಯಾಗಿ ಹಿಡಿಯಿರಿ

ಮೊದಲು ಬರುವ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಮೊದಲ ಧಾರೆಯಲ್ಲಿ ಚರ್ಮದ ಕೋಶಗಳೂ ಹೊರಗಿನ ಬ್ಯಾಕ್ಟೀರಿಯಾಗಳೂ ತೊಳೆದು ಬಂದಿರುತ್ತವೆ. ಸಾಧ್ಯವಾದರೆ ಬೆಳಗಿನ ಮೊದಲ ಮೂತ್ರ ಕೊಡಿ. ಕಾರಣ ಮುಂದೆ ಬರುತ್ತದೆ.

ರಿಪೋರ್ಟಿನಲ್ಲಿ ಕಾಣದ ಕಾವಲು

ಬ್ಯಾಕ್ಟೀರಿಯಾ ಮೂತ್ರಕೋಶದ ಕಡೆಗೆ ಹತ್ತಿ ಬರುವುದು ಅಪರೂಪವೇನಲ್ಲ. ಮೂತ್ರ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು 4 ಮಾತ್ರ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಮೂತ್ರದ ಸೋಂಕು ತಗಲುವುದಕ್ಕೆ ಇದೊಂದು ದೊಡ್ಡ ಕಾರಣ. ಸ್ವಚ್ಛತೆ ಸಾಲದು ಎಂದು ಅವರನ್ನೇ ದೂರುವ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಹತ್ತಿ ಬಂದದ್ದೆಲ್ಲ ಉಳಿಯುವುದಿಲ್ಲ. ಮೂತ್ರದ ಧಾರೆಯೇ ಬಹಳಷ್ಟನ್ನು ತೊಳೆದು ಹಾಕುತ್ತದೆ. ಇದರ ಜೊತೆಗೆ ಕಿಡ್ನಿ ಒಂದು ಪ್ರೋಟೀನ್ ತಯಾರಿಸಿ ಮೂತ್ರಕ್ಕೆ ಬಿಡುತ್ತಿರುತ್ತದೆ. 1950ರಲ್ಲಿ ಇದನ್ನು ವಿವರಿಸಿದ ಇಬ್ಬರು ವಿಜ್ಞಾನಿಗಳ ಹೆಸರಿನಲ್ಲಿ ಅದು ಟ್ಯಾಮ್-ಹಾರ್ಸ್‌ಫಾಲ್ ಪ್ರೋಟೀನ್. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್ ಇದೇ. ಇದರ ಕೆಲಸ ತಿಳಿಯಬೇಕಾದರೆ ಬ್ಯಾಕ್ಟೀರಿಯಾವನ್ನು ತೀರಾ ಹತ್ತಿರದಿಂದ ನೋಡಬೇಕು.

ಬಹುಪಾಲು ಸೋಂಕಿಗೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದರ ಉದ್ದ ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗ. ಮೈಮೇಲೆಲ್ಲ ಕೂದಲಿನಂಥ ಎಳೆಗಳು, ಪ್ರತಿ ಎಳೆಯ ತುದಿಯಲ್ಲಿ ಒಂದು ಕೊಕ್ಕೆ. ಮೂತ್ರಕೋಶದ ಒಳಗೋಡೆಯ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಗೆ ಈ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಧಾರೆ ಎಳೆದಾಗ ಕೊಕ್ಕೆ ಸಡಿಲವಾಗಬೇಕಿತ್ತು ಅಲ್ವಾ? ಇಲ್ಲಿ ಎಳೆತಕ್ಕೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಟ್ಯಾಮ್-ಹಾರ್ಸ್‌ಫಾಲ್ ಪ್ರೋಟೀನಿನ ಮೇಲೂ ಅದೇ ಸಕ್ಕರೆ ಇದೆ. ಗೋಡೆ ಎಂದುಕೊಂಡು ಬ್ಯಾಕ್ಟೀರಿಯಾ ಇದನ್ನು ಹಿಡಿಯುತ್ತದೆ, ಹಿಡಿದದ್ದರ ಜೊತೆಗೇ ಹೊರಗೆ ಹರಿದು ಹೋಗುತ್ತದೆ. ನಮಗೆ ಗೊತ್ತೇ ಆಗದೆ ಮುಗಿದುಹೋಗುವ ಸೋಂಕುಗಳು ಇವು.

‘ನೈಟ್ರೈಟ್’ ಸಾಲು

ಇದು ಬ್ಯಾಕ್ಟೀರಿಯಾದ ಗುರುತು. ಮೂತ್ರದಲ್ಲಿರುವ ನೈಟ್ರೇಟನ್ನು ಇ. ಕೋಲಿ ನೈಟ್ರೈಟ್ ಮಾಡುತ್ತದೆ. ಲ್ಯಾಬಿನಲ್ಲಿ ಮೂತ್ರಕ್ಕೆ ಅದ್ದುವ ಪರೀಕ್ಷಾ ಪಟ್ಟಿಯಲ್ಲಿ ಇದಕ್ಕೆಂದೇ ಇರುವ ಚೌಕ ಆಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಇದಕ್ಕೆ ಸಮಯ ಬೇಕು. ಮೂತ್ರ ಸುಮಾರು 4 ಗಂಟೆ ಒಳಗೆ ನಿಂತಿರಬೇಕು. ಬೆಳಗಿನ ಮೂತ್ರ ಒಳ್ಳೆಯದು ಎಂದದ್ದು ಇದಕ್ಕೇ. ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮಿಗೆ ಓಡುತ್ತಿರುವವರಲ್ಲಿ ಸೋಂಕಿದ್ದರೂ ಈ ಸಾಲು ‘ನೆಗೆಟಿವ್’ ಬರಬಹುದು. ನೈಟ್ರೈಟ್ ಮಾಡದ ಬ್ಯಾಕ್ಟೀರಿಯಾಗಳೂ ಇವೆ. ಆದ್ದರಿಂದ ನೆಗೆಟಿವ್ ಎಂದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು.

‘ಎಪಿಥೀಲಿಯಲ್ ಸೆಲ್ಸ್’ ಸಾಲು

ಸಾಮಾನ್ಯವಾಗಿ ಇಲ್ಲಿ ಎಣಿಸಿರುವುದು ಹೊರಗಿನ ಚರ್ಮದಿಂದ ಬಂದ ಕೋಶಗಳನ್ನು. ಸಂಖ್ಯೆ ಜಾಸ್ತಿ ಇದ್ದರೆ ಸ್ಯಾಂಪಲ್ ಸರಿಯಾಗಿ ಹಿಡಿದಿಲ್ಲ ಎಂದರ್ಥ. ಆದರೆ ಮೂತ್ರಕೋಶದ ಒಳಗಿನ ಕೋಶಗಳೂ ಉದುರುತ್ತವೆ. ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವ ಸಂಗತಿ ಇದು.

ಮೂತ್ರಕೋಶದ ಒಳಮೈಗೆ ದೊಡ್ಡ ದೊಡ್ಡ, ಅಗಲವಾದ ಕೋಶಗಳ ಹೊದಿಕೆ ಇದೆ. ಕೆಳಗಿನ ಚಿಕ್ಕ ಕೋಶಗಳಿಗೆ ಕೊಡೆ ಹಿಡಿದಂತೆ ಇರುವುದರಿಂದ ಅವಕ್ಕೆ ಅಂಬ್ರೆಲಾ ಸೆಲ್ ಎಂದೇ ಹೆಸರು. ಕೊಕ್ಕೆ ಹಾಕಿದ ಇ. ಕೋಲಿ ಈ ಕೋಶದೊಳಕ್ಕೇ ನುಗ್ಗುತ್ತದೆ. ಕೋಶ ಮೊದಲು ಅದನ್ನು ಹೊರಕ್ಕೆ ಉಗುಳಲು ನೋಡುತ್ತದೆ. ಆಗದಿದ್ದರೆ ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ಗಂಟೆಗಳಲ್ಲಿ ಸಾವಿರಾರು ಬ್ಯಾಕ್ಟೀರಿಯಾಗಳ ಗುಂಪು ಕಟ್ಟುತ್ತದೆ. ಇಲಿಗಳ ಮೂತ್ರಕೋಶದಲ್ಲಿ ಮೊದಲು ಕಂಡ ಇಂಥ ಗುಂಪುಗಳು ಆಮೇಲೆ ಸೋಂಕಿರುವ ಹೆಂಗಸರ ಮೂತ್ರದಲ್ಲೂ ಸಿಕ್ಕವು.

ಆಗ ಕೋಶ ಕೊನೆಯ ಉಪಾಯ ಮಾಡುತ್ತದೆ. ಒಳಗಿರುವ ಬ್ಯಾಕ್ಟೀರಿಯಾ ಸಮೇತ ಗೋಡೆಯಿಂದ ಕಳಚಿಕೊಂಡು ಮೂತ್ರದಲ್ಲಿ ಹೊರಟುಹೋಗುತ್ತದೆ. ತಿಂಗಳುಗಟ್ಟಲೆ ಬಾಳಬೇಕಿದ್ದ ಕೋಶಗಳು ಗಂಟೆಗಳಲ್ಲಿ ಉದುರಿಬಿಡುತ್ತವೆ. ಇದರಿಂದ ನಷ್ಟವೂ ಇದೆ. ಕೊಡೆ ಹೋದ ಮೇಲೆ ಕೆಳಗಿನ ಎಳೆಯ ಕೋಶಗಳು ಬಯಲಾಗುತ್ತವೆ. ಕೆಲವು ಬ್ಯಾಕ್ಟೀರಿಯಾ ಅಲ್ಲಿ ಸೇರಿ ಸುಮ್ನೆ ಕುಳಿತುಬಿಡುತ್ತವೆ. ವಾರಗಳ ನಂತರ ಎದ್ದು ಮತ್ತೆ ಸೋಂಕು ಹಬ್ಬಿಸಬಲ್ಲವು.

‘ಪಸ್ ಸೆಲ್ಸ್’ ಮತ್ತು ‘ಲ್ಯೂಕೋಸೈಟ್ ಎಸ್ಟರೇಸ್’

ಬ್ಯಾಕ್ಟೀರಿಯಾದ ಹೊರಕವಚದ ಒಂದು ಅಂಶ ತಗಲಿದ ಕೂಡಲೇ ಒಳಪದರದ ಕೋಶಗಳು ರಕ್ತಕ್ಕೆ ಕರೆ ಕಳಿಸುತ್ತವೆ. ಐಎಲ್-6, ಐಎಲ್-8 ಎಂಬ ಪ್ರೋಟೀನ್‌ಗಳೇ ಆ ಕರೆ. ಓಡಿ ಬರುವವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ಬ್ಯಾಕ್ಟೀರಿಯಾ ನುಂಗಿ ಕೊಲ್ಲುವುದರಲ್ಲಿ ಇವು ನಿಸ್ಸೀಮ. ಆದರೆ ಇವು ಬಿಡುವ ರಾಸಾಯನಿಕಗಳು ನಮ್ಮ ಮೈಯನ್ನೂ ಸುಡುತ್ತವೆ. ಹಾಗಾಗಿ ಸುಲಭಕ್ಕೆ ಒಳಗೆ ಬಿಡುವಂತಿಲ್ಲ.

2014ರಲ್ಲಿ ಇಲಿಗಳಲ್ಲಿ ಕಂಡುಕೊಂಡ ಏರ್ಪಾಡು ಹೀಗಿದೆ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಲ್ಲಿ ಎರಡು ಬಗೆ. ಒಂದು ಬಗೆಯದು ಬ್ಯಾಕ್ಟೀರಿಯಾ ಕಂಡು ನ್ಯೂಟ್ರೋಫಿಲ್‌ಗಳನ್ನು ಕರೆಸುತ್ತದೆ. ಅವು ಒಳಪದರದ ಕೆಳಗೆ ಬಂದು ನಿಲ್ಲುತ್ತವೆ. ಎರಡನೆಯ ಬಗೆಯದೂ ಹೌದು ಎಂದು ಸೂಚನೆ ಕೊಟ್ಟ ಮೇಲಷ್ಟೇ ಪದರವನ್ನು ಕತ್ತರಿಸುವ ಕಿಣ್ವ ಬಿಟ್ಟು ಒಳಗೆ ನುಗ್ಗುತ್ತವೆ. ಎರಡು ಒಪ್ಪಿಗೆ ಬೇಕು. ಎಂಥ ಎಚ್ಚರ ನೋಡಿ!

ಮೂತ್ರ ಮಬ್ಬಾಗಿ ಕಾಣುವುದಕ್ಕೆ ಈ ಕಣಗಳೂ ಕಾರಣ. ಮೈಕ್ರೋಸ್ಕೋಪಿನ ಒಂದು ನೋಟದಲ್ಲಿ ಐದರವರೆಗೆ ಕಂಡರೆ ಮಾಮೂಲು. ಪಟ್ಟಿಯ ನೇರಳೆ ಚೌಕ ಲ್ಯೂಕೋಸೈಟ್ ಎಸ್ಟರೇಸ್ ಎಂಬ ಇವುಗಳದೇ ಕಿಣ್ವವನ್ನು ತೋರಿಸುತ್ತದೆ. ಒಳಪದರ ಇಷ್ಟು ಪೆಟ್ಟು ತಿಂದಾಗ ‘ಆರ್‌ಬಿಸಿ’ (ಕೆಂಪು ರಕ್ತಕಣ) ಸಾಲಿನಲ್ಲಿ ಸ್ವಲ್ಪ ರಕ್ತ ಕಾಣುವುದೂ ಉಂಟು. ಸೋಂಕು ಹೋದ ಮೇಲೂ ಅದು ಹೋಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಕಲ್ಚರ್

ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಇದು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಇದು ಹೇಳುತ್ತದೆ. ಒಂದೆರಡು ದಿನ ಬೇಕು. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ತೊಂದರೆ ಏನೂ ಇಲ್ಲದೆ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಮಾತ್ರ ಬಂದಿದ್ದರೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗಿಲ್ಲ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ಚಿಕಿತ್ಸೆ ಬೇಕು. ಚಳಿಜ್ವರ, ಪಕ್ಕೆ ಅಥವಾ ಬೆನ್ನಿನಲ್ಲಿ ನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ರಿಪೋರ್ಟಿಗೆ ಕಾಯುತ್ತ ಕೂರಬೇಡಿ, ಅದೇ ದಿನ ಡಾಕ್ಟರ ಬಳಿ ಹೋಗಿ.

ಮತ್ತೆ ಮತ್ತೆ ಯಾಕೆ?

ಕಿಡ್ನಿಯ ಸೋಂಕಿನಲ್ಲಿ ದೇಹ ಬ್ಯಾಕ್ಟೀರಿಯಾವನ್ನು ನೆನಪಿಟ್ಟು ಅದರ ವಿರುದ್ಧ ಪ್ರತಿಕಾಯಗಳನ್ನು ಚೆನ್ನಾಗಿ ಮಾಡಿಕೊಳ್ಳುತ್ತದೆ. ಮೂತ್ರಕೋಶದಲ್ಲಿ ಮಾತ್ರ ಆ ನೆನಪು ತೆಳು. ಇಲಿಗಳ ಮೇಲಿನ ಅಧ್ಯಯನಗಳ ಪ್ರಕಾರ, ಸೋಂಕಾದ ಕೆಲವು ಗಂಟೆಗಳಲ್ಲೇ ಮಾಸ್ಟ್ ಕೋಶಗಳು ಎಂಬ ರೋಗನಿರೋಧಕ ಕೋಶಗಳು ಕಾಳಗವನ್ನು ತಣಿಸತೊಡಗುತ್ತವೆ. ಆಮೇಲೆ ಬರುವ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳೂ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಉದುರಿದ ಒಳಪದರ ಕಟ್ಟುವ ಕಡೆಗೇ ವಾಲುತ್ತವೆ. ಒಳಪದರ ಬೇಗ ಮುಚ್ಚದಿದ್ದರೆ ಮೂತ್ರ ಒಳಗಿನ ಮಾಂಸಕ್ಕೆ ತಾಗುತ್ತದೆ, ಅದಕ್ಕೇ ಈ ಅವಸರ. ಅಷ್ಟರಲ್ಲಿ ಕೆಲವು ಬ್ಯಾಕ್ಟೀರಿಯಾ ಉಳಿದುಬಿಡುತ್ತವೆ.

ಕೆಲವರಿಗೆ ಕಲ್ಚರಿನಲ್ಲಿ ಏನೂ ಬೆಳೆದಿರುವುದಿಲ್ಲ, ಆದರೂ ಉರಿ, ಅವಸರ ಹಾಗೆಯೇ ಇರುತ್ತವೆ. ‘ಎಲ್ಲ ನಿಮ್ಮ ಮನಸ್ಸಿನದು’ ಎಂಬ ಮಾತನ್ನೂ ಅವರು ಕೇಳಿರುತ್ತಾರೆ. ಮತ್ತೆ ಮತ್ತೆ ಸೋಂಕಾದ ಮೂತ್ರಕೋಶದಲ್ಲಿ ನೋವು ತಿಳಿಸುವ ನರಗಳು ಹೆಚ್ಚು ಬೆಳೆಯುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೂತ್ರಕೋಶಕ್ಕೆ ಸ್ವಲ್ಪ ಮೂತ್ರ ತುಂಬಿದರೂ ಆ ನರಗಳು ಕೂಗಿಕೊಳ್ಳುತ್ತವೆ. ಇಂಥ ನೋವಿಗೆ ಇನ್ನೊಂದು ಆ್ಯಂಟಿಬಯೋಟಿಕ್ ಕೋರ್ಸ್ ಉತ್ತರವಲ್ಲ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಡಾಕ್ಟರ ಮುಂದಿಡಿ. ‘ಬ್ಯಾಕ್ಟೀರಿಯಾ ಇಲ್ಲ, ಆದರೆ ನೋವಿದೆ’ ಎಂದು ಸಂಕೋಚವಿಲ್ಲದೆ ಹೇಳಿ.