ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ: ಇಂಗ್ಲೆಂಡಿನ ಚಳಿಗಾಲದಲ್ಲಿ ಒಂದು ನಡಿಗೆ

ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹಳ್ಳಿ ಕಡೆ ನಡೆಯಲು ಹೊರಟರೆ ಮೊದಲು ನೋಡಬೇಕಾದದ್ದು ಗಡಿಯಾರ. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಸಂಜೆ ಆರರವರೆಗೂ ಬೆಳಕಿರುತ್ತದೆ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ ಅದೇ ದಿನ 3.50ರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಮಕ್ಕಳ ಮನೆಗೆ ಅಂತ ಊರಿನಿಂದ ಬಂದ ಅಪ್ಪ ಅಮ್ಮಂದಿರು ಊಟ ಮುಗಿಸಿ ನಿಧಾನಕ್ಕೆ ಹೊರಡುತ್ತಾರೆ. ಅಲ್ಲೇ ಎಡವಟ್ಟಾಗುವುದು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕೋಣ. ಉದಾಹರಣೆಗೆ ನನಗೆ ತುಂಬ ಇಷ್ಟವಾದ ದಾರಿಯನ್ನೇ ತೆಗೆದುಕೊಳ್ಳುತ್ತೇನೆ. ಷೆಫೀಲ್ಡ್–ಮ್ಯಾಂಚೆಸ್ಟರ್ ರೈಲು ದಾರಿಯಲ್ಲಿ ಈಡೇಲ್ ಎಂಬ ಪುಟ್ಟ ಸ್ಟೇಷನ್ ಇದೆ. ಅಲ್ಲಿಂದ ಹಾಲಿನ್ಸ್ ಕ್ರಾಸ್‌ಗೆ ಹತ್ತಿ, ಗುಡ್ಡದ ನೆತ್ತಿಯ ಮೇಲೇ ಸಾಗಿ, 517 ಮೀಟರ್ ಎತ್ತರದ ಮ್ಯಾಮ್ ಟಾರ್ ಮುಟ್ಟಿ, ಬಂದ ದಾರಿಯಲ್ಲೇ ವಾಪಸ್. ಒಟ್ಟು ಸುಮಾರು 8 ಕಿ.ಮೀ., ಏರು ಸುಮಾರು 300 ಮೀಟರ್.

ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಎರಡು ಗಂಟೆ ಚಿಲ್ಲರೆ ಆಯಿತು. ಆದರೆ ಚಳಿಗಾಲದ ಹೊಲದ ದಾರಿ ಅಂದರೆ ಹಿಮ್ಮಡಿ ಮುಳುಗುವ ಕೆಸರು. ಟೀ ಕುಡಿಯಲು ನಿಲ್ಲುತ್ತೀರಿ, ಫೋಟೊ ತೆಗೆಯುತ್ತೀರಿ. ಮೂರೂವರೆ ಗಂಟೆ ಇಟ್ಟುಕೊಳ್ಳಿ. 3.15ಕ್ಕೆ ಸ್ಟೇಷನ್‌ನಲ್ಲಿರಬೇಕು ಅಂದರೆ 11.45ಕ್ಕೆ ಹೊರಟಿರಬೇಕು. ಅದಕ್ಕೆ ಸರಿಯಾದ ರೈಲು ಹುಡುಕಿ. ಇನ್ನೊಂದು ಮಾತನ್ನು ಮನೆಯಲ್ಲೇ ತೀರ್ಮಾನಿಸಿ: 1.30 ಆಯಿತೋ, ಎಲ್ಲಿದ್ದರೂ ಹಿಂದಿರುಗುವುದು. ಈ ಮಾತನ್ನು ಗುಡ್ಡದ ಮೇಲೆ ನಿಂತು ಚರ್ಚೆ ಮಾಡಬಾರದು. ತುದಿ ಕಣ್ಣಿಗೆ ಕಾಣುತ್ತಿರುವಾಗ ಯಾರ ಮನಸ್ಸೂ ಹಿಂದಕ್ಕೆ ತಿರುಗುವುದಿಲ್ಲ.

ಆಕಾಶ ಓದುವುದು

ಹಿಂದಿನ ರಾತ್ರಿ ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸ್‌ನ ಮುನ್ಸೂಚನೆ ನೋಡಿ, ಬೆಳಿಗ್ಗೆ ಇನ್ನೊಮ್ಮೆ ನೋಡಿ. ಊರಿನ ಹವೆ ಬೇರೆ, ಗುಡ್ಡದ ಹವೆ ಬೇರೆ. ಗುಡ್ಡಗಳಿಗೇ ಅಂತ ಪ್ರತ್ಯೇಕ ಮುನ್ಸೂಚನೆ ಕೊಡುತ್ತಾರೆ, ಅದನ್ನೇ ಓದಿ. ಪ್ರತಿ 100 ಮೀಟರ್ ಹತ್ತಿದಾಗ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಗಾಳಿಯ ಕಾಟ ಜಾಸ್ತಿ. 2 ಡಿಗ್ರಿ ಇರುವಾಗ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮೈಗೆ ಮೈನಸ್ 5ರಷ್ಟು ಚಳಿ.

ಇಲ್ಲಿನ ಹವೆ ಹೆಚ್ಚಾಗಿ ಪಶ್ಚಿಮದಿಂದ, ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುತ್ತದೆ. ಮೊದಲು ತುಂಬ ಎತ್ತರದಲ್ಲಿ ಹತ್ತಿ ಹಿಂಜಿದಂಥ ಮೋಡ. ಆಮೇಲೆ ಸೂರ್ಯನ ಸುತ್ತ ಬಳೆ. ಆಮೇಲೆ ಇಡೀ ಆಕಾಶಕ್ಕೆ ಬೂದು ಹೊದಿಕೆ, ಮೋಡ ಇಳಿಯುತ್ತಾ ಬಂದು ಜಿಟಿಜಿಟಿ ಮಳೆ. ಕೊನೆಗೆ ಒಂದು ಜೋರು ಮಳೆ ಸುರಿದು, ಗಾಳಿ ವಾಯವ್ಯಕ್ಕೆ ತಿರುಗಿ, ಸಟ್ಟನೆ ಚಳಿ ಏರಿ, ಮೈಲುಗಟ್ಟಲೆ ದೂರ ಸ್ವಚ್ಛವಾಗಿ ಕಾಣುತ್ತದೆ. ಈ ಸರಣಿ ಒಂದೇ ದಿನದಲ್ಲಿ ಮುಗಿದುಬಿಡಬಹುದು. ಸೂರ್ಯನ ಬಳೆ ಕಂಡ ದಿನ ನಾನು ಚಿಕ್ಕ ದಾರಿ ಹಿಡಿಯುತ್ತೇನೆ.

ಗಾಳಿಯಿಲ್ಲದ, ಕೊರೆಯುವ ಚಳಿಯ ರಾತ್ರಿ ಕಳೆದು ಬೆಳಗಾದಾಗ ಕಣಿವೆಯಲ್ಲಿ ದಟ್ಟ ಮಂಜು ಕಂಡರೆ ಮಾತ್ರ ಮನೆಯಲ್ಲಿ ಕೂರಬೇಡಿ. ತಣ್ಣನೆಯ ಗಾಳಿ ಭಾರವಾಗಿ ಕಣಿವೆಯ ತಳದಲ್ಲಿ ನಿಂತಿರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುತ್ತದೆ. ಎಷ್ಟೋ ಸಲ ನೆತ್ತಿಯ ಮೇಲೆ ಬಿಸಿಲಿರುತ್ತದೆ. ಅಂಥ ಒಂದು ಬೆಳಿಗ್ಗೆ ಕೆಳಗೆ ಕಣ್ಣು ಹಾಯುವಷ್ಟೂ ಬಿಳಿ. ಹೋಪ್ ಸಿಮೆಂಟ್ ಕಾರ್ಖಾನೆಯ ಚಿಮಣಿ ತುದಿಯೊಂದೇ ಅದರಿಂದ ಹೊರಗೆ ಚಾಚಿತ್ತು. ಎಷ್ಟು ಹೊತ್ತು ನೋಡುತ್ತಾ ನಿಂತೆನೋ!

ಬಟ್ಟೆ, ಚೀಲ

ಜೀನ್ಸ್ ಬೇಡ. ಹತ್ತಿ ಬಟ್ಟೆ ನೆನೆದರೆ ಒಣಗುವುದಿಲ್ಲ, ಮೈ ಶಾಖವನ್ನೆಲ್ಲ ಹೀರುತ್ತದೆ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಮೂರು ಪದರ, ಮೇಲೊಂದು ನೀರು ಇಳಿಯದ ಜರ್ಕಿನ್. ಹತ್ತುವ ಮುಂಚೆ ಒಂದು ಪದರ ತೆಗೆಯಿರಿ, ನಿಂತ ತಕ್ಷಣ ಹಾಕಿಕೊಳ್ಳಿ. ಚೀಲದಲ್ಲಿ ತಲೆಗೆ ಕಟ್ಟುವ ಟಾರ್ಚ್, ಸೀಟಿ, ಒಣ ಗ್ಲೌಸು, ಫ್ಲಾಸ್ಕಿನಲ್ಲಿ ಟೀ, ಕಡಲೆಬೀಜದ ಚಿಕ್ಕಿ. ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ. ಒಳಜೇಬಿನಲ್ಲಿಡಿ, ಅದನ್ನೇ ನಂಬಬೇಡಿ. ಆರ್ಡ್ನೆನ್ಸ್ ಸರ್ವೆಯ ಕಾಗದದ ನಕ್ಷೆ ಇರಲಿ. ಎಕ್ಸ್‌ಪ್ಲೋರರ್ ಸರಣಿಯಲ್ಲಿ 4 ಸೆಂ.ಮೀ.ಗೆ 1 ಕಿ.ಮೀ. ಹಸಿರು ತುಂಡುಗೆರೆಗಳೇ ಕಾಲುದಾರಿ.

ದಾರಿಯಲ್ಲಿ

ಕಂಬದ ಮೇಲಿನ ಹಳದಿ ಬಾಣ ನಡೆಯುವವರಿಗೆ, ನೀಲಿ ಬಾಣ ಕುದುರೆ ಮತ್ತು ಸೈಕಲ್ಲಿನವರಿಗೂ ಸೇರಿ. ದಾರಿ ಯಾರದೋ ಹೊಲದ ನಡುವೆ ಹೋದರೂ ಹಿಂಜರಿಯಬೇಡಿ, ಅಲ್ಲಿ ನಡೆಯುವುದು ಕಾನೂನು ಕೊಟ್ಟ ಹಕ್ಕು. ಬೇಲಿ ದಾಟಲು ಮೆಟ್ಟಿಲು ಇಟ್ಟಿರುತ್ತಾರೆ. ಮಲೆನಾಡಿನ ತಡಮೆ ಗೊತ್ತಲ್ವಾ, ಅದೇ ಥರ. ಗೇಟು ಹೇಗಿತ್ತೋ ಹಾಗೇ ಬಿಡಿ. ಕುರಿಗಳು ಗಬ್ಬವಾಗಿರುವ ಕಾಲ ಇದು, ಜೊತೆಗೆ ನಾಯಿ ಇದ್ದರೆ ಹಗ್ಗ ಬಿಚ್ಚಬೇಡಿ. ಕೆಸರನ್ನು ಸುತ್ತಿಕೊಂಡು ಹೋಗದೆ ನಡುವೆಯೇ ನಡೆಯಿರಿ. ಎಲ್ಲರೂ ಪಕ್ಕದ ಹುಲ್ಲು ತುಳಿದರೆ ದಾರಿ ಅಗಲವಾಗುತ್ತಾ ಹೊಲ ಹಾಳಾಗುತ್ತದೆ.

ಹಾಲಿನ್ಸ್ ಕ್ರಾಸ್‌ನಲ್ಲಿ ಒಂದು ಕ್ಷಣ ನಿಲ್ಲಿ. ಈಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಊರಿನವರು ಹೆಣವನ್ನು ಹೊತ್ತು ಇದೇ ಏರು ಹತ್ತಿ ಆಚೆಯ ಕ್ಯಾಸಲ್‌ಟನ್‌ಗೆ ಒಯ್ಯುತ್ತಿದ್ದರು. ಚಳಿಗಾಲದಲ್ಲೂ ಒಯ್ಯಬೇಕಿತ್ತಲ್ಲ ಅಂತ ಪ್ರತಿ ಸಲ ಅನಿಸುತ್ತದೆ. ಇಲ್ಲಿಂದ ಮುಂದೆ ಚಪ್ಪಡಿ ಹಾಸಿದ ದಾರಿ. ಅದರ ಮೇಲೆ ಮಂಜುಗಡ್ಡೆ ಕಟ್ಟಿ ಗಾಜಿನಂತಾಗಿದ್ದರೆ, ಅವತ್ತು ಮಾತ್ರ ಅಂಚಿನ ಹುಲ್ಲಿನ ಮೇಲೆ ಕಾಲಿಡಿ.

ಅಕಸ್ಮಾತ್ ಯಾರಾದರೂ ಬಿದ್ದು ಪೆಟ್ಟಾದರೆ, ದಾರಿ ಪೂರ್ತಿ ತಪ್ಪಿದರೆ, 999ಕ್ಕೆ ಕರೆ ಮಾಡಿ. ಮೊದಲು ಪೊಲೀಸರನ್ನು ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಫೋನ್ ಸಿಗ್ನಲ್ ಇಲ್ಲದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ.

ಮನೆಗೆ ಬಂದ ಮೇಲೆ ಬೂಟನ್ನು ಹೀಟರ್ ಮೇಲೆ ಇಡಬೇಡಿ, ಚರ್ಮ ಬಿರಿಯುತ್ತದೆ. ಕೆಸರು ತೊಳೆದು, ಒಳಗೆ ಹಳೆ ಪೇಪರ್ ತುರುಕಿ ಬಾಗಿಲ ಹತ್ತಿರ ಇಡಿ. ಮಲಗುವ ಮುಂಚೆ ಒದ್ದೆ ಪೇಪರ್ ತೆಗೆದು ಬೇರೆ ತುರುಕಿದರೆ ಎರಡು ದಿನದಲ್ಲಿ ಒಣಗುತ್ತದೆ.