ಮಾಜಾಳಿ ಕಾಲೇಜಿಗೆ ಬೈಕ್ ಬಿಟ್ಟು ಬಸ್ಸಲ್ಲಿ: ಗೆಳೆಯರನ್ನು ಒಪ್ಪಿಸುವುದು ಹೇಗೆ?

ಕಾರವಾರ ಪೇಟೆಯಿಂದ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಸುಮಾರು 10 ಕಿ.ಮೀ. ದಾರಿ ಪೂರ್ತಿ ಹೆದ್ದಾರಿ 66, ಮಧ್ಯೆ ಕಾಳಿ ನದಿಯ ಸೇತುವೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ ಬಂದವು. ಮಳೆಗಾಲದಲ್ಲಿ ಲಾರಿ ಪಕ್ಕದಲ್ಲಿ ಬೈಕ್ ಓಡಿಸಿದವರಿಗೆ ಆ ಭಯ ಹೇಳಬೇಕಾಗಿಲ್ಲ.

ಮೊದಲು ಪರಿಸರದ ಭಾಷಣ ಬೇಡ, ದುಡ್ಡಿನ ಲೆಕ್ಕ ತೋರಿಸಿ. ದಿನಕ್ಕೆ 20 ಕಿ.ಮೀ., ಲೀಟರಿಗೆ 50 ಕಿ.ಮೀ. ಮೈಲೇಜ್ ಅಂದುಕೊಂಡರೆ 22 ದಿನಕ್ಕೆ ಹತ್ತಿರಹತ್ತಿರ 9 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ 900 ರೂಪಾಯಿ ಹೋಯ್ತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅಂದರೆ ಒಬ್ಬರ ಬೈಕಿಂದಲೇ ತಿಂಗಳಿಗೆ 20 ಕೆ.ಜಿ. ಇದನ್ನು ಆಮೇಲೆ ಹೇಳಿ, ಆಗ ಕಿವಿಗೆ ಬೀಳುತ್ತದೆ.

ಬಸ್ ಪಾಸ್ ಮಾಡಿಸುವುದು ಕಷ್ಟ ಅಂತ ಸುಮ್ನೆ ಬಿಟ್ಟವರು ಜಾಸ್ತಿ. ವಿದ್ಯಾರ್ಥಿ ಪಾಸಿಗೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನಿಮಗೆ ಗೊತ್ತಿದ್ದರೆ ಒಂದು ಮಧ್ಯಾಹ್ನ ನಾಲ್ಕು ಜನರ ಜೊತೆ ಕೂತು ಹಾಕಿಸಿಕೊಡಿ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆದರೆ ಗೋವಾಕ್ಕೆ ಹೋಗುವ ಅಂತರರಾಜ್ಯ ಬಸ್ಸಲ್ಲಿ ಅದು ನಡೆಯುವುದಿಲ್ಲ, ಲೋಕಲ್ ಬಸ್ಸೇ ಹತ್ತಬೇಕು.

ಇನ್ನು ಮುಖ್ಯ ವಿಷಯ, ಟೈಮಿಂಗ್. ಬೈಕಿನವರನ್ನು ಕೇಳಿ ನೋಡಿ, ಎಷ್ಟೋ ಜನರಿಗೆ ಬೈಕಿನ ಮೇಲೆ ಅಂಥ ಪ್ರೀತಿಯೇನಿಲ್ಲ, ಕ್ಲಾಸ್ ಶುರುವಾಗುವ ಹೊತ್ತಿಗೆ ತಲುಪಿಸುವ ಬಸ್ ಬೇಕು, ಸಂಜೆ ಲ್ಯಾಬ್ ಮುಗಿದ ಮೇಲೆ ವಾಪಸ್ ಬರಲು ಇನ್ನೊಂದು ಬೇಕು, ಅಷ್ಟೇ ಅಲ್ವಾ? ಒಂದು ವಾರ ಹಾಳೆ ಹಿಡಿದು ಬರೆಯಿರಿ: ಯಾರು ಎಲ್ಲಿ ಹತ್ತುತ್ತಾರೆ, ಎಷ್ಟು ಗಂಟೆಗೆ, ಯಾವ ಬಸ್ ತುಂಬಿ ನಿಲ್ಲಿಸದೆ ಹೋಯಿತು. ಕೋಡಿಬಾಗ, ಸದಾಶಿವಗಡದ ಸ್ಟಾಪ್‌ಗಳನ್ನು ಬಿಡಬೇಡಿ. ಆ ಪಟ್ಟಿ, ಎಲ್ಲರ ಸಹಿ, ಪ್ರಾಂಶುಪಾಲರ ಪತ್ರ ಸೇರಿಸಿ ಸಾರಿಗೆ ಸಂಸ್ಥೆಯ ಡಿಪೋ ಮ್ಯಾನೇಜರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 'ಬಸ್ ಸಾಲುವುದಿಲ್ಲ' ಅಂತ ಬರೆದರೆ ಏನೂ ಆಗದು. ಇಂಥ ಸ್ಟಾಪಲ್ಲಿ, ಇಷ್ಟು ಗಂಟೆಗೆ, ಇಷ್ಟು ಜನ ಅಂತಲೇ ಬರೆಯಬೇಕು.

ಬೈಕ್ ಬೇಕೇಬೇಕು ಅನ್ನುವವರಿಗೆ ಹಿಂದಿನ ಸೀಟು ಖಾಲಿ ಬಿಡಬೇಡಿ ಅನ್ನಿ. ಇಬ್ಬರಿಗೂ ಹೆಲ್ಮೆಟ್ ಇರಲಿ. ಕೋಡಿಬಾಗದ ಸ್ನಾತಕೋತ್ತರ (ಪಿಜಿ) ಸೆಂಟರಿಗೆ ಪೇಟೆಯಿಂದ ಹೋಗುವವರಿಗಂತೂ ಸೈಕಲ್ ಸಾಕು, ಮಳೆ ಬಿಟ್ಟ ಮೇಲೆ ಇವತ್ತೇ ಗಾಳಿ ಹಾಕಿಸಿ ಹೊರಡಬಹುದು.